‘ಬೆರಿ’ ಎಲ್ಲಿ, ‘ಇಂಟರ್’ ಎಲ್ಲಿ? ಹೂಳುವುದಕ್ಕೆ ಇಂಗ್ಲಿಷಿನ ಎರಡು ಪದಗಳು

ಪರೀಕ್ಷೆಗೆ ಓದುವವರು ಕೇಳುತ್ತಾರೆ. ಅನುವಾದ ಮಾಡುವವರು ಕೇಳುತ್ತಾರೆ. ವಿದೇಶದಲ್ಲಿರುವ ನೆಂಟರ ಮನೆಯಲ್ಲಿ ಸಾವಾದಾಗ ನಾಲ್ಕು ಸಾಲು ಬರೆಯಲು ಕೂತವರೂ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಹೂಳುವುದಕ್ಕೆ ‘ಬೆರಿ’ ಅಂತಲೂ ಇದೆ, ‘ಇಂಟರ್’ ಅಂತಲೂ ಇದೆ. ಎರಡೂ ಒಂದೇನಾ? ಯಾವುದನ್ನು ಎಲ್ಲಿ ಹಾಕಬೇಕು?

ಡಿಕ್ಷನರಿ ನೋಡಿದರೆ ಒಂದರ ಅರ್ಥದಲ್ಲಿ ಇನ್ನೊಂದನ್ನು ಕೊಟ್ಟಿರುತ್ತದೆ. ಅದರಿಂದ ಗೊಂದಲ ಕಮ್ಮಿ ಆಗುವುದಿಲ್ಲ. ಹಾಗಾಗಿ ಹಂತ ಹಂತವಾಗಿ ಹೋಗೋಣ. ಸಾವಿನ ವಿಷಯದಲ್ಲಿ ಪದ ತಪ್ಪಿದರೆ ಓದುವವರ ಮನಸ್ಸಿಗೆ ನೋವಾಗುತ್ತದೆ. ಉಳಿದ ಕಡೆಗಿಂತ ಇಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು.

ಬರೆಯುವ ಮುಂಚೆ ನಾಲ್ಕು ವಿಷಯ ನಿಮಗೆ ಗೊತ್ತಿರಲಿ. ಹೂತದ್ದು ಏನು? ಯಾರಾದರೂ ಹೂತರಾ, ಇಲ್ಲ ತಾನಾಗಿ ಹೂತುಹೋಯಿತಾ? ಎಲ್ಲಿ ಇಟ್ಟರು? ನೀವು ಬರೆಯುತ್ತಿರುವುದು ಯಾರಿಗೆ? ಈ ನಾಲ್ಕಕ್ಕೆ ಉತ್ತರವಿದ್ದರೆ ಪದ ಹುಡುಕುವುದು ಕಷ್ಟವಲ್ಲ.

ಹಂತ 1: ಎರಡೂ ಪದ ಎಲ್ಲಿಂದ ಬಂದವು ನೋಡಿ

‘ಬೆರಿ’ ಇಂಗ್ಲಿಷಿನ ಸ್ವಂತ ಪದ. ಹಳೆಯ ಇಂಗ್ಲಿಷಿನಲ್ಲಿ ಅದು ‘ಬ್ಯೂರ್ಗನ್’ ಎಂಬಂಥ ರೂಪದಲ್ಲಿತ್ತು. ‘ಇಂಟರ್’ ಫ್ರೆಂಚಿನಿಂದ ಬಂದದ್ದು, ಅದರ ಬೇರು ಲ್ಯಾಟಿನ್. ‘ಇನ್’ ಅಂದರೆ ಒಳಗೆ, ‘ಟೆರ್ರಾ’ ಅಂದರೆ ಮಣ್ಣು, ಭೂಮಿ. ‘ಟೆರ್ರಾಕೋಟಾ’ ನಿಮಗೆ ಗೊತ್ತು, ಸುಟ್ಟ ಮಣ್ಣು. ಅದೇ ‘ಟೆರ್ರಾ’ ಇಲ್ಲೂ ಇದೆ.

1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಅರಮನೆ, ಕೋರ್ಟು, ಚರ್ಚಿನ ಭಾಷೆಯಲ್ಲಿ ಫ್ರೆಂಚ್ ಪದಗಳು ತುಂಬಿದವು. ಹೊಲ ಮನೆಗಳಲ್ಲಿ ಹಳೆಯ ಪದಗಳೇ ಉಳಿದವು. ಒಂದೇ ಕೆಲಸಕ್ಕೆ ಎರಡು ಪದ ಆದದ್ದು ಹೀಗೆ.

ಕನ್ನಡಿಗರಿಗೆ ಇದು ಹೊಸದೇನಲ್ಲ, ಅಲ್ವಾ? ನಮಗೆ ಊಟವೂ ಇದೆ, ಭೋಜನವೂ ಇದೆ. ಸಾವೂ ಇದೆ, ಮರಣವೂ ಇದೆ. ‘ಭೋಜನ ಆಯ್ತಾ?’ ಅಂತ ಪಕ್ಕದ ಮನೆಯವರನ್ನು ಯಾರೂ ಕೇಳುವುದಿಲ್ಲ. ಮದುವೆ ಕಾಗದದಲ್ಲಿ ಮಾತ್ರ ‘ಭೋಜನ’ ಚೆನ್ನಾಗಿ ಕಾಣುತ್ತದೆ. ‘ಬೆರಿ’ಯನ್ನು ನಮ್ಮ ‘ಹೂಳು’ ಅಂದುಕೊಳ್ಳಿ. ‘ಇಂಟರ್’ ಅನ್ನು ‘ಸಮಾಧಿ ಮಾಡು’ ಅಂದುಕೊಳ್ಳಿ. ಮುಕ್ಕಾಲು ಪಾಲು ಕೆಲಸ ಇಲ್ಲಿಗೇ ಮುಗಿಯುತ್ತದೆ. ಎಡವುವುದು ಉಳಿದ ಕಾಲು ಪಾಲಿನಲ್ಲಿ.

ಹಂತ 2: ಏನನ್ನು ಹೂತರು, ಯಾರು ಹೂತರು?

‘ಬೆರಿ’ ಏನನ್ನು ಬೇಕಾದರೂ ಹೂಳುತ್ತದೆ. ಹೆಣ, ನಿಧಿ, ಕೇಬಲ್, ನೀರಿನ ಪೈಪು, ನಾಯಿ ಬಚ್ಚಿಟ್ಟ ಮೂಳೆ, ಏನಾದರೂ ಸರಿ. ಮಣ್ಣೇ ಬೇಕು ಅಂತಲೂ ಇಲ್ಲ. ಕೆಲಸದಲ್ಲಿ ಮುಳುಗಿರುವವರನ್ನು ಕೆಲಸದಲ್ಲಿ ‘ಬೆರೀಡ್’ ಅನ್ನುತ್ತಾರೆ. ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅಳುವುದಕ್ಕೂ ಅದೇ ಪದ. ದೊಡ್ಡ ಸುದ್ದಿಯನ್ನು ಏಳನೇ ಪುಟದ ಮೂಲೆಯಲ್ಲಿ ಹಾಕಿದರೆ ಅದೂ ‘ಬೆರಿ’ಯೇ. ಜಗಳ ಬಿಟ್ಟು ರಾಜಿಯಾಗುವುದಕ್ಕೆ ‘ಕೊಡಲಿ ಹೂಳುವುದು’ ಎಂಬ ಮಾತಿದೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಶಾಂತಿ ಮಾಡಿಕೊಳ್ಳುವಾಗ ಆಯುಧಗಳನ್ನು ನಿಜವಾಗಿಯೂ ಹೂಳುತ್ತಿದ್ದರು. ಮಾತು ಬಂದದ್ದು ಅಲ್ಲಿಂದ.

‘ಇಂಟರ್’ ಇಷ್ಟು ಉದಾರಿ ಅಲ್ಲ. ಅದು ಮನುಷ್ಯರ ದೇಹಕ್ಕೆ, ಮೂಳೆಗೆ, ಚಿತಾಭಸ್ಮಕ್ಕೆ ಮೀಸಲು. ಪೈಪನ್ನು ‘ಇಂಟರ್’ ಮಾಡಿದರು ಅಂತ ಬರೆದರೆ ಪೈಪಿಗೆ ಮಂತ್ರ ಹೇಳಿ ಸಮಾಧಿ ಕಟ್ಟಿದ ಹಾಗಾಗುತ್ತದೆ.

ಜನ ಗಮನಿಸದ ಇನ್ನೊಂದು ವ್ಯತ್ಯಾಸವಿದೆ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಅದೇ. ‘ಇಂಟರ್’ ಮಾಡಲು ಮನುಷ್ಯರ ಕೈ ಬೇಕು. ಕಳಿಸಿಕೊಡುವ ಮನಸ್ಸು, ಒಂದು ಕ್ರಮ ಬೇಕು. ‘ಬೆರಿ’ಗೆ ಇವು ಯಾವುವೂ ಬೇಡ. ಗುಡ್ಡವೂ ಹೂಳಬಹುದು, ನದಿಯೂ ಹೂಳಬಹುದು.

2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಜನ ಮಣ್ಣಿನಡಿ ಸಿಕ್ಕಿಕೊಂಡರು. ಇದಕ್ಕೆ ಇಂಗ್ಲಿಷಿನಲ್ಲಿ ‘ಬೆರೀಡ್’ ಅಂತ ಮಾತ್ರ ಬರೆಯಬಹುದು. ಕೊಲೆ ಮಾಡಿ ಹೆಣವನ್ನು ಗುಟ್ಟಾಗಿ ಹೂತರೂ ‘ಬೆರೀಡ್’ ಅಷ್ಟೇ. ಅಲ್ಲಿ ‘ಇಂಟರ್ಡ್’ ಹಾಕಿದರೆ ಕೊಲೆಗಾರ ಮರ್ಯಾದೆಯಿಂದ ಅಂತ್ಯಕ್ರಿಯೆ ಮಾಡಿದ ಅಂತ ಹೇಳಿದಂತೆ.

ಎಚ್ಚರಿಕೆ: ನಮ್ಮ ಪತ್ರಿಕೆಗಳು ಇಂಥ ಸುದ್ದಿಗೆ ‘ಜೀವಂತ ಸಮಾಧಿ’ ಎಂದು ತಲೆಬರಹ ಕೊಡುತ್ತವೆ. ‘ಸಮಾಧಿ’ ಇದೆಯಲ್ಲ ಅಂತ ಅನುವಾದದಲ್ಲಿ ‘ಇಂಟರ್’ ಹಾಕಬೇಡಿ. ಅಲ್ಲಿ ಬೇಕಾದದ್ದು ‘ಬೆರೀಡ್ ಅಲೈವ್’.

ಸಾಕಿದ ನಾಯಿ, ಬೆಕ್ಕು ಸತ್ತಾಗ ‘ಬೆರಿ’ ಸಾಕು. ಅದರಲ್ಲಿ ಪ್ರೀತಿ ಕಮ್ಮಿ ಏನೂ ಇಲ್ಲ.

ಹಂತ 3: ಎಲ್ಲಿ ಇಟ್ಟರು? ಮಣ್ಣೇ, ಕಲ್ಲೇ, ನೀರೇ?

ಮಣ್ಣಿನಲ್ಲಿ ಇಟ್ಟರೆ ಎರಡೂ ಪದ ಸರಿ.

ಸಮುದ್ರಕ್ಕೆ ಬಿಟ್ಟರೆ ‘ಬೆರಿ’ ಒಂದೇ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ತೀರಿಕೊಂಡದ್ದು 2012ರಲ್ಲಿ. ಅವರ ಅಂತ್ಯಕ್ರಿಯೆ ಅಟ್ಲಾಂಟಿಕ್ ಸಾಗರದಲ್ಲಿ ನಡೆಯಿತು. ಅದಕ್ಕೆ ‘ಬೆರೀಡ್ ಅಟ್ ಸೀ’ ಅನ್ನುತ್ತಾರೆ. ‘ಇಂಟರ್ಡ್ ಅಟ್ ಸೀ’ ಅನ್ನುವುದಿಲ್ಲ. ‘ಟೆರ್ರಾ’ ನೆನಪಿಸಿಕೊಳ್ಳಿ, ನೀರಿನಲ್ಲಿ ಮಣ್ಣೆಲ್ಲಿದೆ?

ಕಲ್ಲಿನ ಕಟ್ಟಡದೊಳಗೆ, ನೆಲಮಾಳಿಗೆಯಲ್ಲಿ ಇಟ್ಟರೆ ‘ಇಂಟರ್’ ಚೆನ್ನಾಗಿ ಹೊಂದುತ್ತದೆ. ಮೂಲ ಅರ್ಥ ‘ಮಣ್ಣಿನೊಳಗೆ’ ಅಂತ ಇದ್ದರೂ ಬಳಕೆಯಲ್ಲಿ ಅದು ಗೋರಿಗೂ ಹಬ್ಬಿದೆ. ಎರಡನೇ ಎಲಿಜಬೆತ್ ರಾಣಿಯನ್ನು 2022ರ ಸೆಪ್ಟೆಂಬರ್ 19ರಂದು ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ತಂದೆಯ ಹೆಸರಿನ ಪುಟ್ಟ ಪ್ರಾರ್ಥನಾ ಮಂದಿರದೊಳಗೆ ಇಟ್ಟರು. ಆಕೆಯ ಗಂಡ ಫಿಲಿಪ್ ತೀರಿಕೊಂಡದ್ದು 2021ರಲ್ಲಿ. ಅವರ ಪೆಟ್ಟಿಗೆ ಅಲ್ಲಿಯವರೆಗೂ ರಾಜಮನೆತನದ ನೆಲಮಾಳಿಗೆಯಲ್ಲಿತ್ತು. ಅದನ್ನೂ ತಂದು ಜೊತೆಯಲ್ಲೇ ಇಟ್ಟರು. ಇಂಥ ಕಡೆ ‘ಇಂಟರ್ಡ್’ ಹಾಕಿದರೆ ಚಿತ್ರ ಸರಿಯಾಗಿ ಮೂಡುತ್ತದೆ.

ಈ ವ್ಯತ್ಯಾಸದ ಮೇಲೆ ಅಮೆರಿಕದಲ್ಲಿ ಒಂದು ಒಗಟೇ ಇದೆ. ಅಧ್ಯಕ್ಷರಾಗಿದ್ದ ಗ್ರಾಂಟ್ ಅವರ ಸಮಾಧಿ ನ್ಯೂಯಾರ್ಕ್‌ನಲ್ಲಿದೆ. ‘ಗ್ರಾಂಟ್ ಸಮಾಧಿಯಲ್ಲಿ ಬೆರಿ ಆಗಿರುವವರು ಯಾರು?’ ಅಂತ ಕೇಳುತ್ತಾರೆ. ‘ಗ್ರಾಂಟ್’ ಅಂದರೆ ತಪ್ಪು, ‘ಯಾರೂ ಇಲ್ಲ’ ಅಂದರೆ ಸರಿ ಅಂತ ವಾದ. ಯಾಕಂದರೆ ಗ್ರಾಂಟ್ ಮತ್ತು ಅವರ ಹೆಂಡತಿ ಇರುವುದು ಮಣ್ಣಿನಲ್ಲಲ್ಲ, ಕಲ್ಲಿನ ಪೆಟ್ಟಿಗೆಗಳಲ್ಲಿ. ಹೋದವರು ಆ ಪೆಟ್ಟಿಗೆಗಳನ್ನು ಕಣ್ಣಾರೆ ನೋಡಬಹುದು. ಇದಕ್ಕೆ ‘ಎನ್‌ಟೂಂಬ್’ ಎಂಬ ಮೂರನೇ ಪದವೇ ಇದೆ. ಟೂಂಬ್ ಅಂದರೆ ಗೋರಿ, ಗೋರಿಯೊಳಗೆ ಇಡುವುದು ಎನ್‌ಟೂಂಬ್.

ನಮ್ಮ ವಿಜಯಪುರದ ಗೋಲ ಗುಮ್ಮಟದ ಬಗ್ಗೆ ಬರೆಯುವವರು ಇಲ್ಲೊಂದು ತಪ್ಪು ಮಾಡುತ್ತಾರೆ. ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾಡಿದವು. ಅಂಥವಕ್ಕೆ ‘ಸೆನೊಟಾಫ್’ ಅಂತಾರೆ, ಬರಿದಾದ ಸಮಾಧಿ ಅಂತ ಅರ್ಥ. ಮುಹಮ್ಮದ್ ಆದಿಲ್ ಶಾನ ನಿಜವಾದ ಗೋರಿ ಇರುವುದು ಕೆಳಗಿನ ನೆಲಮಾಳಿಗೆಯಲ್ಲಿ. ಹಾಗಾಗಿ ‘ಕಟ್ಟೆಯ ಮೇಲೆ ಇಂಟರ್ಡ್’ ಅಂತ ಬರೆಯಬೇಡಿ.

ಇನ್ನು ಚಿತಾಭಸ್ಮ. ಸುಟ್ಟ ಮೇಲೆ ಬೂದಿಯನ್ನು ಒಂದು ಗೊತ್ತಾದ ಜಾಗದಲ್ಲಿ ನೆಲದೊಳಗೆ ಇಡುವುದು ಪಶ್ಚಿಮದ ದೇಶಗಳಲ್ಲಿ ಮಾಮೂಲು. ಅದಕ್ಕೆ ‘ಇಂಟರ್’ ಬಹಳ ಒಗ್ಗಿದ ಪದ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಬೂದಿಯನ್ನು 2018ರ ಜೂನ್ 15ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ ಮತ್ತು ಡಾರ್ವಿನ್ ಸಮಾಧಿಗಳ ನಡುವೆ ಇಟ್ಟರು. ಅದನ್ನು ‘ಇಂಟರ್‌ಮೆಂಟ್ ಆಫ್ ಆಶಸ್’ ಅನ್ನುತ್ತಾರೆ. ಕುಡಿಕೆಯಲ್ಲಿಟ್ಟು ಗೋಡೆಯ ಗೂಡಿನಲ್ಲಿ ಇಟ್ಟರೆ ಮಾತ್ರ ಬೇರೆ ಪದ, ‘ಇನರ್ನ್‌ಮೆಂಟ್’. ಅಮೆರಿಕದ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳುತ್ತಾರೆ.

ಎಚ್ಚರಿಕೆ: ನಮ್ಮವರು ಬಹಳ ಜನ ದಹನ ಮಾಡುತ್ತಾರೆ. ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೋ ಇನ್ನೊಂದು ಹೊಳೆಯಲ್ಲೋ ಬಿಡುತ್ತಾರೆ. ಅದು ‘ಬೆರಿ’ಯೂ ಅಲ್ಲ, ‘ಇಂಟರ್’ ಕೂಡ ಅಲ್ಲ. ದಹನಕ್ಕೆ ‘ಕ್ರಿಮೇಟ್’, ಅಸ್ಥಿ ಬಿಡುವುದಕ್ಕೆ ‘ಇಮ್ಮರ್ಸ್’. ಸಂತಾಪ ಪತ್ರಗಳಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ. ದಹನ ಆದವರಿಗೆ ಸುಮ್ನೆ ರೂಢಿಗೆ ಬಿದ್ದು ‘ಬೆರೀಡ್’ ಅಂತ ಬರೆದಿರುತ್ತಾರೆ. ಮನೆಯವರು ಅದನ್ನು ಓದುತ್ತಾರೆ, ದಯವಿಟ್ಟು ಒಂದು ಮಾತು ಕೇಳಿಕೊಂಡು ಬರೆಯಿರಿ.

ಹಂತ 4: ಯಾರಿಗೆ ಬರೆಯುತ್ತಿದ್ದೀರಿ?

ಮಾತಿನಲ್ಲಿ ಯಾರೂ ‘ಇಂಟರ್’ ಅನ್ನುವುದಿಲ್ಲ. ‘ಅಜ್ಜನನ್ನು ತೋಟದಲ್ಲೇ ಇಂಟರ್ ಮಾಡಿದೆವು’ ಅಂತ ಇಂಗ್ಲಿಷರ ಮಗ ಗೆಳೆಯನಿಗೆ ಹೇಳುವುದಿಲ್ಲ. ಅದು ಬರವಣಿಗೆಯ ಪದ. ಸ್ಮಶಾನದ ದಾಖಲೆ, ಪತ್ರಿಕೆಯ ನಿಧನ ಸೂಚನೆ, ಇತಿಹಾಸದ ಪುಸ್ತಕ, ಶಾಸನದ ಫಲಕ ಇವು ಅದರ ಜಾಗ. ಅಲ್ಲೂ ಹೆಚ್ಚಾಗಿ ‘ಅವರನ್ನು ಇಂಟರ್ ಮಾಡಲಾಯಿತು’ ಎಂಬ ರೂಪದಲ್ಲೇ ಬರುತ್ತದೆ. ಯಾರು ಮಾಡಿದರು ಎಂಬುದು ಹಿಂದೆ ಸರಿದು, ಎಲ್ಲಿ ಮಲಗಿದ್ದಾರೆ ಎಂಬುದು ಮುಂದೆ ಬರುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಅಲ್ಲಿನ ನಿಧನ ಸೂಚನೆಯಲ್ಲಿ ‘ಇಂಟರ್‌ಮೆಂಟ್ ಪ್ರೈವೇಟ್’ ಎಂಬ ಸಾಲು ಸಿಗಬಹುದು. ಸಮಾಧಿ ಮಾಡುವಾಗ ಮನೆಯವರು ಮಾತ್ರ ಇರುತ್ತಾರೆ ಅಂತ ಅರ್ಥ. ಸ್ಮಶಾನಕ್ಕೆ ಹೋಗಬೇಡಿ. ಮುಂಚಿನ ಪ್ರಾರ್ಥನೆಗೆ ಕರೆದಿದ್ದರೆ ಅಲ್ಲಿಗೆ ಮಾತ್ರ ಹೋಗಿ ಬನ್ನಿ.

ನೋವಿನಲ್ಲಿರುವವರಿಗೆ ನೇರವಾಗಿ ಬರೆಯುವಾಗ ಎರಡೂ ಬೇಡ. ‘ಲೇಡ್ ಟು ರೆಸ್ಟ್’ ಮೆತ್ತಗಿದೆ. ವಿಶ್ರಾಂತಿಗೆ ಮಲಗಿಸಿದರು ಅಂತ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರನ್ನು ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ ಅಪ್ಪ ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದಾಗ ಇಂಗ್ಲಿಷ್ ಪತ್ರಿಕೆಗಳಲ್ಲಿ ಕಂಡ ಮಾತು ಇದೇ.

‘ಬೆರಿ’ಗೆ ಇನ್ನೊಂದು ಬಳಕೆ ಇದೆ. ‘ಆಕೆ ಇಬ್ಬರು ಗಂಡಂದಿರನ್ನು ಬೆರಿ ಮಾಡಿದ್ದಾಳೆ’ ಅಂದರೆ ಇಬ್ಬರನ್ನೂ ಕಳೆದುಕೊಂಡಿದ್ದಾಳೆ ಅಂತ. ಗುದ್ದಲಿ ಹಿಡಿದಳು ಅಂತಲ್ಲ. ‘ಇಂಟರ್’ ಈ ಕೆಲಸ ಮಾಡಲಾರದು.

ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಆಂಟನಿಯ ಭಾಷಣ ಓದಿದವರು ಇಲ್ಲಿ ತಡೆದು ಕೇಳುತ್ತಾರೆ. ಸೀಸರನನ್ನು ಹೂಳಲು ಬಂದಿದ್ದೇನೆ, ಹೊಗಳಲು ಅಲ್ಲ ಎನ್ನುವಾಗ ಅವನು ‘ಬೆರಿ’ ಅನ್ನುತ್ತಾನೆ. ಎರಡೇ ಸಾಲಿನ ನಂತರ, ಮನುಷ್ಯನ ಒಳ್ಳೆಯದು ಅನೇಕ ಸಲ ಮೂಳೆಗಳ ಜೊತೆಗೇ ಹೋಗಿಬಿಡುತ್ತದೆ ಎನ್ನುವಾಗ ‘ಇಂಟರ್ಡ್’ ಅನ್ನುತ್ತಾನೆ. ಹಾಗಾದರೆ ಎರಡೂ ಒಂದೇ ಅಲ್ವಾ? ಅಲ್ಲ. ಮೊದಲನೆಯದು ಅವನು ಆಗ ಮಾಡಲು ಬಂದ ಕೆಲಸ, ಜನರ ಭಾಷೆಯಲ್ಲಿದೆ. ಎರಡನೆಯದು ಎಲ್ಲ ಮನುಷ್ಯರ ಬಗ್ಗೆ ಹೇಳುವ ದೊಡ್ಡ ಮಾತು, ದನಿ ಎತ್ತರದಲ್ಲಿದೆ. ಇತಿಹಾಸದಲ್ಲಿ ಸೀಸರನ ದೇಹವನ್ನು ರೋಮಿನ ಫೋರಂನಲ್ಲಿ, ಅಂದರೆ ಊರ ನಡುವಿನ ಬಯಲಿನಲ್ಲಿ, ಸುಟ್ಟರು. ಆಂಟನಿಯ ‘ಬೆರಿ’ಯನ್ನು ಕನ್ನಡಕ್ಕೆ ತರುವಾಗ ‘ಅಂತ್ಯಕ್ರಿಯೆಗೆ ಬಂದಿದ್ದೇನೆ’ ಅಂದರೂ ತಪ್ಪಾಗುವುದಿಲ್ಲ.

ಹಂತ 5: ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ

ಹೆಚ್ಚು ಪ್ರಶ್ನೆ ಬರುವುದು ಈ ಹಂತದಲ್ಲಿ. ಯಾಕಂದರೆ ನಮ್ಮ ಹತ್ತಿರ ಎರಡಲ್ಲ, ಏಳೆಂಟು ಪದಗಳಿವೆ. ಒಂದೊಂದರ ಹಿಂದೆ ಒಂದೊಂದು ಸಮುದಾಯದ ಆಚರಣೆ ಇದೆ.

‘ಹುಗಿ’, ‘ಹೂತಿಡು’: ಇವು ‘ಬೆರಿ’. ಯೋಚನೆಯೇ ಬೇಡ. ‘ಹುಗಿದುಬಿಡ್ತೀನಿ’ ಅಂತ ಬೈದರೂ ‘ಬೆರಿ’.

‘ಹೂಳು’: ಕ್ರಿಯಾಪದವಾದರೆ ‘ಬೆರಿ’. ಆದರೆ ‘ಕೆರೆಯಲ್ಲಿ ಹೂಳು ತುಂಬಿದೆ’ ಅಂದಾಗ ಅದು ಕೆಸರು ಮಣ್ಣು, ಇಂಗ್ಲಿಷಿನಲ್ಲಿ ‘ಸಿಲ್ಟ್’. ಹೂಳೆತ್ತುವುದನ್ನು ‘ಹೂತದ್ದನ್ನು ಹೊರತೆಗೆಯುವುದು’ ಅಂತ ಯಂತ್ರದ ಅನುವಾದ ಕೊಟ್ಟರೆ ತಿದ್ದಿ.

‘ಮಣ್ಣು ಮಾಡು’: ‘ಬೆರಿ’. ‘ಮಣ್ಣಿಗೆ ಹೋಗಿದ್ದೆ’, ‘ಮಣ್ಣು ಕೊಟ್ಟು ಬಂದೆ’ ಅಂದರೆ ಅಂತ್ಯಕ್ರಿಯೆಗೆ ಹೋಗಿದ್ದೆ ಅಂತ. ಅದನ್ನು ‘ಫ್ಯೂನರಲ್‌ಗೆ ಹೋಗಿದ್ದೆ’ ಅಂತ ತನ್ನಿ, ಮಣ್ಣನ್ನು ಪದಶಃ ತರಬೇಡಿ.

‘ದಫನ್’: ಮಸೀದಿಯ ಸೂಚನೆಯಲ್ಲೂ ಸುದ್ದಿಯಲ್ಲೂ ‘ಬೆರಿಯಲ್’ ಸಾಕು. ಟಿಪ್ಪು ಸುಲ್ತಾನ್ 1799ರ ಮೇ 4ರಂದು ಸತ್ತ. ಮರುದಿನ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ದಫನ್ ಮಾಡಿದರು. ಇತಿಹಾಸ ಬರೆಯುತ್ತಿದ್ದರೆ ಇಲ್ಲಿ ‘ಇಂಟರ್ಡ್’ ಕೂಡ ಚೆನ್ನಾಗಿದೆ.

‘ಕ್ರಿಯಾಸಮಾಧಿ’: ಲಿಂಗಾಯತರಲ್ಲಿ ದೇಹವನ್ನು ಕೂತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ವಿಭೂತಿ, ಬಿಲ್ವಪತ್ರೆ ಇಡುತ್ತಾರೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮರುದಿನ ತುಮಕೂರಿನ ಮಠದಲ್ಲೇ ಕ್ರಿಯಾಸಮಾಧಿ ಆಯಿತು. ಇದಕ್ಕೆ ನಾನು ‘ಇಂಟರ್ಡ್’ ಅನ್ನೇ ಆರಿಸುತ್ತೇನೆ. ಕ್ರಮವಿದೆ, ಕಟ್ಟಿದ ಜಾಗವಿದೆ, ಮುಂದೆ ಜನ ಬಂದು ನಮಸ್ಕರಿಸುವ ಗದ್ದುಗೆ ಇದೆ. ಮೆತ್ತಗಿನ ‘ಲೇಡ್ ಟು ರೆಸ್ಟ್’ ಇಲ್ಲಿ ಅಷ್ಟು ಒಗ್ಗುವುದಿಲ್ಲ. ಅದರಲ್ಲಿ ‘ಮಲಗಿಸಿದರು’ ಎಂಬ ಚಿತ್ರವಿದೆ, ಇಲ್ಲಿ ಮಲಗಿಸುವುದಿಲ್ಲ. ‘ಕೂತ ಭಂಗಿಯಲ್ಲಿ’ ಅಂತ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರೆ ಹೊರಗಿನ ಓದುಗರಿಗೂ ತಿಳಿಯುತ್ತದೆ.

‘ಬೃಂದಾವನ ಪ್ರವೇಶ’: ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಮಂತ್ರಾಲಯದಲ್ಲಿ ಸಜೀವರಾಗಿ ಬೃಂದಾವನಸ್ಥರಾದರು ಎಂಬುದು ಭಕ್ತರ ನಂಬಿಕೆ. ಇಲ್ಲಿ ‘ಬೆರಿ’ ಹಾಕಿದರೆ ಭಕ್ತರಿಗೆ ನೋವಾಗುತ್ತದೆ. ‘ಇಂಟರ್’ ಹಾಕಿದರೂ ಅರ್ಥ ಕೆಡುತ್ತದೆ. ಬೇರೆಯವರು ಒಳಗೆ ಇಟ್ಟದ್ದಲ್ಲ, ತಾವೇ ಒಳಗೆ ಹೋದದ್ದು. ‘ಎಂಟರ್ಡ್ ಬೃಂದಾವನ’ ಅಂತಲೇ ಬರೆದು, ಬೃಂದಾವನ ಅಂದರೇನು ಅಂತ ಒಂದು ಸಾಲು ಸೇರಿಸಿ.

ಹಂತ 6: ಉಚ್ಚಾರ, ಸ್ಪೆಲಿಂಗ್ ಮತ್ತು ಒಂದು ದೊಡ್ಡ ಗುಂಡಿ

ಬಿ, ಯು, ಆರ್, ವೈ. ನೋಡಿದರೆ ‘ಬರಿ’ ಅಥವಾ ‘ಬ್ಯೂರಿ’ ಅನ್ನಬೇಕು ಅನ್ನಿಸುತ್ತದೆ. ಸರಿಯಾದದ್ದು ‘ಬೆರಿ’, ‘ವೆರಿ’ಗೆ ಪ್ರಾಸ. ಸ್ಟ್ರಾಬೆರಿಯ ‘ಬೆರಿ’ಯ ಹಾಗೆಯೇ ಕೇಳಿಸುತ್ತದೆ. ಹಳೆಯ ಇಂಗ್ಲೆಂಡಿನಲ್ಲಿ ಒಂದು ಸೀಮೆಯವರು ಬರೆಯುತ್ತಿದ್ದ ರೀತಿ ಸ್ಪೆಲಿಂಗಿನಲ್ಲಿ ಉಳಿಯಿತು, ಕೆಂಟ್ ಕಡೆಯವರು ಹೇಳುತ್ತಿದ್ದ ರೀತಿ ಬಾಯಲ್ಲಿ ಉಳಿಯಿತು. ‘ಬೆರಿಯಲ್’ ಕೂಡ ಹಾಗೇ.

‘ಇಂಟರ್’ ಅನ್ನುವಾಗ ಒತ್ತು ಕೊನೆಗೆ ಬೀಳಬೇಕು, ‘ಇನ್-ಟರ್’. ಇಂಟರ್‌ನ್ಯಾಷನಲ್, ಇಂಟರ್‌ನೆಟ್‌ನ ‘ಇಂಟರ್’ ಬೇರೆ ಪದ. ಅದಕ್ಕೆ ‘ನಡುವೆ’ ಎಂಬ ಅರ್ಥ, ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಭೂತಕಾಲ ಬರೆಯುವಾಗ ‘ಆರ್’ ಎರಡು ಸಲ ಬರಬೇಕು. ಒಂದೇ ‘ಆರ್’ ಹಾಕಿದ ಬರಹ ಬಹಳ ನೋಡಿದ್ದೇನೆ.

ದೊಡ್ಡ ಗುಂಡಿ ಇದು. ‘ಇಂಟರ್‌ಮೆಂಟ್’ ಅಂದರೆ ಸಮಾಧಿ ಮಾಡುವುದು. ನಡುವೆ ಒಂದು ‘ಎನ್’ ಸೇರಿದರೆ ‘ಇಂಟರ್ನ್‌ಮೆಂಟ್’. ಅದಕ್ಕೆ ವಿಚಾರಣೆ ಇಲ್ಲದೆ ಜನರನ್ನು ಶಿಬಿರದಲ್ಲಿ ಕೂಡಿಹಾಕುವುದು ಎಂಬ ಅರ್ಥ. 1942ರಿಂದ ಅಮೆರಿಕ ಜಪಾನ್ ಮೂಲದ ಸುಮಾರು 1,20,000 ಜನರಿಗೆ ಇದನ್ನೇ ಮಾಡಿತು. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ನಮ್ಮ ದೇಶದಲ್ಲೂ ಚೀನೀ ಮೂಲದ ಕುಟುಂಬಗಳನ್ನು ರಾಜಸ್ಥಾನದ ದೇವಲಿ ಶಿಬಿರಕ್ಕೆ ಕಳಿಸಿದರು. ಒಂದು ಅಕ್ಷರದಲ್ಲಿ ಅರ್ಥ ಎಷ್ಟು ದೂರ ಹೋಗುತ್ತದೆ ನೋಡಿ. ಒಬ್ಬ ಹಿರಿಯರ ಅಂತ್ಯಕ್ರಿಯೆಯ ಆಹ್ವಾನದಲ್ಲಿ ಈ ‘ಎನ್’ ಸೇರಿಕೊಂಡು ಅಚ್ಚಾದದ್ದನ್ನು ನಾನು ಕಂಡಿದ್ದೇನೆ. ಮನೆಯವರು ರಾತ್ರಿಯೆಲ್ಲ ಕೂತು ಪ್ರತಿಯೊಂದರಲ್ಲೂ ಪೆನ್ನಿನಿಂದ ತಿದ್ದಿದರು. ಕಂಪ್ಯೂಟರಿನ ಸ್ಪೆಲ್‌ಚೆಕ್ ಇದನ್ನು ಹಿಡಿಯದೆ ಹೋಗಬಹುದು, ಯಾಕಂದರೆ ಎರಡೂ ಸರಿಯಾದ ಪದಗಳೇ. ಕಣ್ಣಿನಿಂದಲೇ ನೋಡಬೇಕು.

ಹಂತ 7: ಹೊರತೆಗೆದು ಮತ್ತೆ ಹೂತಾಗ

ಹೂತದ್ದನ್ನು ಹೊರತೆಗೆಯಲು ‘ಎಕ್ಸ್‌ಹ್ಯೂಮ್’ ಮತ್ತು ‘ಡಿಸಿಂಟರ್’ ಇವೆ. ಪೊಲೀಸ್ ತನಿಖೆಗೆ ಮ್ಯಾಜಿಸ್ಟ್ರೇಟ್ ಎದುರು ಶವ ತೆಗೆದರೆ ‘ಎಕ್ಸ್‌ಹ್ಯೂಮ್’. ಹಳೆಯ ಜಗಳ, ಮರೆತ ಕಥೆ ಕೆದಕಿ ತೆಗೆಯುವುದಕ್ಕೂ ‘ಡಿಸಿಂಟರ್’ ಬರುತ್ತದೆ.

ಮತ್ತೆ ಸಮಾಧಿ ಮಾಡಿದರೆ ‘ರೀಇಂಟರ್’. ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ಸತ್ತ. ಲೆಸ್ಟರ್ ಊರಿನ ಒಂದು ಚರ್ಚಿನಲ್ಲಿ ಅವಸರದಿಂದ ಹೂತರು. ಪೆಟ್ಟಿಗೆ ಇಲ್ಲ, ಗುಂಡಿಯೂ ಗಿಡ್ಡ. ಮುಂದೆ ಚರ್ಚೇ ಹಾಳಾಗಿ ಜಾಗ ಮರೆತುಹೋಯಿತು. 2012ರಲ್ಲಿ ಕಾರ್ ಪಾರ್ಕಿಂಗ್ ಕೆಳಗೆ ಮೂಳೆಗಳು ಸಿಕ್ಕವು. 2015ರ ಮಾರ್ಚ್ 26ರಂದು ಲೆಸ್ಟರ್ ಕೆಥೆಡ್ರಲ್‌ನಲ್ಲಿ ಪ್ರಾರ್ಥನೆ ಮಾಡಿ, ರಾಜನಿಗೆ ಸಲ್ಲುವ ಗೌರವದಿಂದ ಸಮಾಧಿ ಮಾಡಿದರು. ಇವನ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯುವುದಾದರೆ 1485ಕ್ಕೆ ‘ಬೆರೀಡ್’, 2012ಕ್ಕೆ ‘ಎಕ್ಸ್‌ಹ್ಯೂಮ್ಡ್’, 2015ಕ್ಕೆ ‘ರೀಇಂಟರ್ಡ್’.

ನಮ್ಮ ಹೈದರಾಲಿಯ ವಿಷಯದಲ್ಲಿ ಬರೆದು ನೋಡಿ, ಒಳ್ಳೆಯ ಅಭ್ಯಾಸ. ಅವನು 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರ ದಂಡಿನ ಬೀಡಿನಲ್ಲಿ ತೀರಿಕೊಂಡ. ದೇಹವನ್ನು ಮೊದಲು ಕೋಲಾರದಲ್ಲಿ ತಂದೆಯ ಗೋರಿಯ ಬಳಿ ಇಟ್ಟರು, ಆಮೇಲೆ ಶ್ರೀರಂಗಪಟ್ಟಣಕ್ಕೆ ತಂದರು. ಕೋಲಾರಕ್ಕೆ ‘ಬೆರೀಡ್’ ಹಾಕಿ, ಶ್ರೀರಂಗಪಟ್ಟಣಕ್ಕೆ ‘ರೀಇಂಟರ್ಡ್’ ಹಾಕಿ.